ಕಣಗಳನ್ನು ಕಟ್ಟುವ ಎಳೆಗಳು

ಮನೆ ಕಟ್ಟುವ ಗಾರೆಯವನು ಇಟ್ಟಿಗೆಯನ್ನು ಕೈಯಲ್ಲಿ ಹಿಡಿದು, ತೂಗುಗುಂಡು ಬಿಟ್ಟು ನೋಡಿ, ಒಂದರ ಮೇಲೊಂದನ್ನು ಇಡುತ್ತಾನೆ. ಆದರೆ ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿ, ಅದರಲ್ಲಿ 13 ಭಾಗದಷ್ಟೇ ಇರುವ ಬಂಗಾರದ ಕಣಗಳನ್ನು ಜೋಡಿಸಬೇಕಾದರೆ ಅವನ್ನು ಹಿಡಿಯುವ ಕೈ ಯಾವುದು?

ಉತ್ತರವು ಜೀವಕೋಶದಲ್ಲಿಯೇ ದೊರೆಯಿತು. ಡಿ.ಎನ್.ಎ. ಎಳೆಯಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕು ಬಗೆಯ ಘಟಕಗಳು ಅಕ್ಷರಗಳಂತೆ ಸಾಲಾಗಿರುತ್ತವೆ. 'ಎ'ಗೆ 'ಟಿ'ಯೂ 'ಜಿ'ಗೆ 'ಸಿ'ಯೂ ಜೊತೆ ಎಂಬುದನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ತೋರಿಸಿಕೊಟ್ಟರು. ಹೊಂದುವ ಅಕ್ಷರಕ್ರಮದ ಎಳೆಗಳೆರಡು ಸಂಧಿಸಿದಾಗ ತಾವಾಗಿಯೇ ಹೆಣೆದುಕೊಳ್ಳುತ್ತವೆ. ಈ ಗುಣವನ್ನು ಬಳಸಿ ಸೂಕ್ಷ್ಮ ರಚನೆಗಳನ್ನು ಕಟ್ಟಬಹುದೆಂದು ಅಮೆರಿಕದ ನೇಡ್ರಿಯನ್ ಸೀಮನ್ 1982ರಲ್ಲಿ ಸೂಚಿಸಿದರು.

1996ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಚಾಡ್ ಮಿರ್ಕಿನ್ ಮತ್ತು ಅವರ ಸಹೋದ್ಯೋಗಿಗಳು ಈ ಗುಣವನ್ನು ಬಂಗಾರದ ಕಣಗಳ ಮೇಲೆ ಪ್ರಯೋಗಿಸಿದರು. ಗಂಧಕವು ಬಂಗಾರಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆದುದರಿಂದ ಎಳೆಗಳ ತುದಿಗೆ ಗಂಧಕವನ್ನು ಸೇರಿಸಿ, ಎರಡು ಗುಂಪಿನ ಕಣಗಳಿಗೆ ಒಂದಕ್ಕೊಂದು ಹೊಂದದ ಎರಡು ಬಗೆಯ ಎಳೆಗಳನ್ನು ತೊಡಿಸಿದರು. ಅವೆರಡಕ್ಕೂ ಹೊಂದುವ ಸೇತುವೆಯಂತಹ ಡಿ.ಎನ್.ಎ.ಯನ್ನು ಬೆರೆಸಿದೊಡನೆ ಕಣಗಳು ಒಂದುಗೂಡತೊಡಗಿದವು. ಕೆಂಪಾಗಿದ್ದ ದ್ರಾವಣವು ನೇರಳೆಯತ್ತ ತಿರುಗಿತು. ಕಾಯಿಸಿದಾಗ ಹೆಣಿಗೆ ಬಿಚ್ಚಿ ಮತ್ತೆ ಕೆಂಪಾಯಿತು. ಎಳೆಯಲ್ಲಿ ಒಂದೇ ಒಂದು ಅಕ್ಷರ ತಪ್ಪಿದ್ದರೂ ಹೆಣಿಗೆಯು ಕಡಿಮೆ ಉಷ್ಣತೆಯಲ್ಲಿಯೇ ಬಿಚ್ಚಿಕೊಳ್ಳುತ್ತದೆ. ಹೀಗಾಗಿ ನಿರ್ದಿಷ್ಟ ಡಿ.ಎನ್.ಎ. ಇದೆಯೇ ಇಲ್ಲವೇ ಎಂಬುದನ್ನು ಬಣ್ಣದಿಂದಲೇ ಕಂಡುಹಿಡಿಯುವ ವಿಧಾನವು 1997ರಲ್ಲಿ ರೂಪುಗೊಂಡಿತು. ರೋಗಪತ್ತೆಗೆ ಇದೊಂದು ಹೊಸ ದಾರಿಯಾಯಿತು.

ಆದರೂ ಒಂದು ಕೊರತೆ ಉಳಿದಿತ್ತು. ಕಣಗಳು ಕೂಡಿದವೇ ಹೊರತು ಸ್ಫಟಿಕದಂತೆ ಸಾಲುಗಟ್ಟಲಿಲ್ಲ. ಮೊದಲು ತಗುಲಿದಲ್ಲಿಯೇ ಅಂಟಿಕೊಂಡ ಕಣಕ್ಕೆ ತನ್ನ ನಿಜವಾದ ಸ್ಥಾನವನ್ನು ಹುಡುಕುವ ಅವಕಾಶವೆಲ್ಲಿ? 2008ರಲ್ಲಿ ಮಿರ್ಕಿನ್ ಅವರ ತಂಡವೂ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದ ಓಲೆಗ್ ಗ್ಯಾಂಗ್ ಅವರ ತಂಡವೂ ಬೇರೆಬೇರೆಯಾಗಿ ಈ ತೊಡಕನ್ನು ಬಿಡಿಸಿದವು. ಹೆಣಿಗೆಯು ಇನ್ನೇನು ಬಿಚ್ಚಬೇಕೆನ್ನುವಷ್ಟು ಉಷ್ಣತೆಯಲ್ಲಿ ಕಣಗಳನ್ನು ಇರಿಸಿದಾಗ, ತಪ್ಪಾಗಿ ಸೇರಿದವು ಕಳಚಿಕೊಂಡು ಸರಿಯಾದ ಎಡೆಯಲ್ಲಿ ನೆಲೆಗೊಂಡವು. ಎಳೆಗಳ ಅಕ್ಷರಕ್ರಮವನ್ನು ಬದಲಿಸಿದರೆ ಅದೇ ಬಂಗಾರದ ಕಣಗಳು ಬೇರೊಂದು ವಿನ್ಯಾಸದ ಸ್ಫಟಿಕವಾದವು.

ಡಿ.ಎನ್.ಎ.ಯ ಒಂದೊಂದು ಜೊತೆಯ ಬಂಧವೂ ದುರ್ಬಲವೇ. ಅಂತಹ ಅನೇಕ ಬಂಧಗಳು ಕೂಡಿದಾಗ ಕಟ್ಟಡ ನಿಲ್ಲುತ್ತದೆ. ಅವು ಬಿಚ್ಚಿಕೊಳ್ಳಬಲ್ಲವಾದುದರಿಂದಲೇ ಅದರ ತಪ್ಪು ತಿದ್ದಲ್ಪಡುತ್ತದೆ. ಬಿಗಿಯಾಗಿ ಹಿಡಿಯುವ ಶಕ್ತಿಯಷ್ಟೇ ಅಲ್ಲದೆ ತಪ್ಪಿದಲ್ಲಿ ಕೈಬಿಡುವ ಗುಣವೂ ಸುವ್ಯವಸ್ಥೆಗೆ ಅಗತ್ಯವೆಂಬುದನ್ನು ಈ ಪುಟ್ಟ ಕಣಗಳು ತೋರಿಸಿಕೊಟ್ಟಿವೆ.