ಪಗ್ ಮರಿ ತರುವ ಮುನ್ನ ಹೊಳ್ಳೆ ನೋಡಿ

ಪ್ರಶ್ನೆ: ಡಾಕ್ಟರೇ, ಮಗಳು ಪಗ್ ಮರಿ ಬೇಕೆಂದು ಹಟ ಹಿಡಿದಿದ್ದಾಳೆ. ನಮ್ಮದು ಶೀಟ್ ಹೊದಿಸಿದ ಮನೆ. ನೋಡಿಬಂದ ಮರಿ ಗೊರಕೆ ಹೊಡೆಯುತ್ತಿತ್ತು. ಈ ಜಾತಿಗೆ ಅದು ಸಹಜ ಅಂದರು ಮಾರುವವರು. ಹೌದೇ?
– ಓದುಗರು, ಗೌರಿಬಿದನೂರು

ಉತ್ತರ: ಬಹಳಷ್ಟು ಪಗ್‌ಗಳು ಗೊರಕೆ ಹೊಡೆಯುವುದು ನಿಜ. ಅದು ಆರೋಗ್ಯ ಅನ್ನುವುದು ಸುಳ್ಳು. ಚಪ್ಪಟೆ ಮುಖ ಬೇಕೆಂದು ತಲೆಮಾರುಗಟ್ಟಲೆ ತಳಿ ತೆಗೆದು ಮೂತಿಯ ಮೂಳೆ ಗಿಡ್ಡವಾಯಿತು, ಒಳಗಿನ ಮಾಂಸ ಮಾತ್ರ ಅಷ್ಟೇ ಉಳಿಯಿತು. ಹೊಳ್ಳೆ ಬರೀ ಸಂದಿಯಾಗುತ್ತದೆ, ಮೃದು ಅಂಗುಳು ಉದ್ದವಾಗಿ ಗಂಟಲಿಗೆ ಜೋತುಬೀಳುತ್ತದೆ, ಕೆಲವಕ್ಕೆ ಶ್ವಾಸನಾಳವೂ ಕಿರಿದು. ಇವನ್ನೆಲ್ಲ ದಾಟಿ ಗಾಳಿ ನುಗ್ಗುವ ಸದ್ದೇ ಆ ಗೊರಕೆ.

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ತೇಕಿ ತೇಕಿ ಬಾಯಿಯ ತೇವ ಆರಿಸಿಕೊಂಡು ತಣ್ಣಗಾಗುತ್ತದೆ. ಉಸಿರಿನ ದಾರಿ ಇಕ್ಕಟ್ಟಾದರೆ ತೇಕುವ ಶ್ರಮವೇ ಕಾವು ಹೆಚ್ಚಿಸುತ್ತದೆ. ಅದರ ಸಹಜ ಮೈಕಾವು ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 106 ಮುಟ್ಟಿದರೆ ಜೀವಕ್ಕೇ ಕುತ್ತು. ನಂದಿಬೆಟ್ಟ ಇದೆಯೆಂದು ಇಡೀ ಜಿಲ್ಲೆಯೇ ತಂಪು ಎನ್ನುವವರು ಮೇ ತಿಂಗಳ ಮಧ್ಯಾಹ್ನ ನಿಮ್ಮೂರಿನ ಬಸ್ ನಿಲ್ದಾಣದಲ್ಲಿ ನಿಂತು ನೋಡಲಿ! ಶೀಟ್ ಮನೆಗೆ ಪಗ್ ಬೇಡ. 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹೊರಟ ಪಗ್ ಈ ಆಸೆಯನ್ನು ಊರೂರಿಗೆ ಹಬ್ಬಿಸಿತು. ಅದರ ಉಸಿರಾಟದ ಪಾಡನ್ನು ಟಿ.ವಿ. ತೋರಿಸಲಿಲ್ಲ.

ಪ್ರಶ್ನೆ: ತರುವುದಂತೂ ಖಚಿತ. ಒಳ್ಳೆಯ ಮರಿ ಆರಿಸುವುದು ಹೇಗೆ?
– ಓದುಗರು, ಚಿಂತಾಮಣಿ

ಉತ್ತರ: ಮೊದಲು ತಾಯಿಯನ್ನು ನೋಡಿ. ಬ್ರಿಟನ್ನಿನ ಕೆನಲ್ ಕ್ಲಬ್ 2019ರಲ್ಲಿ ಆರಂಭಿಸಿದ ಪರೀಕ್ಷೆಯಲ್ಲಿ ನಾಯಿಯನ್ನು 3 ನಿಮಿಷ ಚುರುಕಾಗಿ ಓಡಿಸಿ, ಮುಂಚೆ ಮತ್ತು ಆಮೇಲೆ ಉಸಿರಿನ ಸದ್ದು ಕೇಳಿ ದರ್ಜೆ ಕೊಡುತ್ತಾರೆ. ನೀವು ಬೆಳಗಿನ ತಂಪಿನಲ್ಲಿ ತಾಯಿಯನ್ನು ಒಂದಿಷ್ಟು ನಡೆಸಿ ನೋಡಿ. ಗೊರಗೊರ ಸದ್ದು ಬಂದರೆ ಅಥವಾ ‘ತಾಯಿ ಬೆಂಗಳೂರಲ್ಲಿದೆ’ ಎಂಬ ಉತ್ತರ ಬಂದರೆ ಹಿಂದಿರುಗಿ. ಮರಿಯ ಹೊಳ್ಳೆ ತೆರೆದಿರಬೇಕು, ಮೂತಿ ತುಸುವಾದರೂ ಮುಂದೆ ಚಾಚಿರಬೇಕು. 2017ರ ಕೇಂದ್ರ ನಿಯಮದಂತೆ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ.

ತಂದ ಮೇಲೆ ಮುಖದ ಮಡಿಕೆಗಳನ್ನು ಒರೆಸಿ ಒಣಗಿಸಿ. ಉಬ್ಬುಗಣ್ಣಿಗೆ ಬೇಗ ಗಾಯವಾಗುತ್ತದೆ. ಕೆಂಪಾಗಿ ನೀರು ಸುರಿದರೆ ಅಂದೇ ತೋರಿಸಿ. ಕೊರಳಪಟ್ಟಿ ಬೇಡ, ಎದೆಗೆ ಕಟ್ಟುವ ಪಟ್ಟಿ ಇರಲಿ. ಬೆಳೆದ ಪಗ್‌ನ ತೂಕ 6ರಿಂದ 8 ಕೆ.ಜಿ. ಇದ್ದರೆ ಸರಿ. ಬನ್ನು, ಬಿಸ್ಕತ್ತು ತಿನ್ನಿಸಿ ದಪ್ಪ ಮಾಡಿದರೆ ಉಸಿರು ಇನ್ನೂ ಕಟ್ಟುತ್ತದೆ.

ಪ್ರಶ್ನೆ: ನಮ್ಮದು ರೇಷ್ಮೆ ನೂಲು ಬಿಚ್ಚಾಣಿಕೆ. ನಿನ್ನೆ ಮಧ್ಯಾಹ್ನ ನಮ್ಮ ಪಗ್ ನಾಲಿಗೆ ನೀಲಿಯಾಗಿ ಕುಸಿಯಿತು. ನೀರು ಹಾಕಿದ ಮೇಲೆ ಎದ್ದಿತು. ಈಗ ಚೆನ್ನಾಗಿದೆ.
– ಓದುಗರು, ಶಿಡ್ಲಘಟ್ಟ

ಉತ್ತರ: ಚೆನ್ನಾಗಿದೆ ಅನ್ನಬೇಡಿ, ಇವತ್ತೇ ಪಶುವೈದ್ಯರಿಗೆ ತೋರಿಸಿ. ಕಾವು ಏರಿದ್ದರೆ ಮೂತ್ರಪಿಂಡ, ಯಕೃತ್ತಿಗೆ ಆದ ಪೆಟ್ಟು ಒಂದೆರಡು ದಿನ ಕಳೆದ ಮೇಲೂ ಕಾಣಿಸಿಕೊಳ್ಳಬಹುದು. ಮತ್ತೆ ಹಾಗಾದರೆ ಐಸ್ ಹುಡುಕುತ್ತ ನಿಲ್ಲಬೇಡಿ. ನೆರಳಿಗೆ ಒಯ್ದು ಮೈಮೇಲೆ ಕೊಳಾಯಿ ನೀರು ಸುರಿಯಿರಿ, ಫ್ಯಾನ್ ಹಾಕಿ, ಬಾಯಿಗೆ ಬಲವಂತವಾಗಿ ನೀರು ಹೊಯ್ಯದೆ ಆಸ್ಪತ್ರೆಗೆ ಹೊರಡಿ. ಗೂಡು ಬೇಯಿಸುವ ಹಬೆ, ಒಲೆಯ ಹೊಗೆ ಎರಡೂ ಈ ಮೂಗಿಗೆ ಆಗದು, ಆ ಕೋಣೆಗೆ ಬಿಡಲೇಬೇಡಿ. ಹೊಳ್ಳೆ ಅಗಲಿಸುವ, ಅಂಗುಳು ಕತ್ತರಿಸುವ ಶಸ್ತ್ರಚಿಕಿತ್ಸೆ ಇದೆ. ಚಿಕ್ಕ ವಯಸ್ಸಿನಲ್ಲಿ ಮಾಡಿಸಿದರೆ ಫಲ ಹೆಚ್ಚು. ಅರಿವಳಿಕೆಯ ಅಪಾಯ ಇವಕ್ಕೆ ಹೆಚ್ಚಾದ್ದರಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಕಡೆ ವಿಚಾರಿಸಿ.

ಪ್ರಶ್ನೆ: ಹಾಗಾದರೆ ಮುಧೋಳ ನಾಯಿ ಸಾಕಬಹುದೇ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಅಂಚೆಚೀಟಿಯಲ್ಲೂ ಬಂದ ನಮ್ಮ ತಳಿ, ನೀಳ ಮೂತಿ, ಉಸಿರಿಗೆ ತೊಂದರೆಯಿಲ್ಲ. ಆದರೆ ಅದು ಓಡುವ ನಾಯಿ. ತೋಟವಿದ್ದರೆ ಸರಿ, ಎರಡು ಕೋಣೆಯ ಮನೆಗಲ್ಲ. ಅಲ್ಲಿಗೆ ನಿಮ್ಮ ಬೀದಿಯ ಮರಿಯೇ ಸಾಕು. ಜಂತುಹುಳಕ್ಕೆ ಔಷಧಿ ಕುಡಿಸಿ, 3 ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ಮುಂದಿನ ಲಸಿಕೆಯ ದಿನ ಬರೆಸಿಕೊಂಡು ಬನ್ನಿ.