ಸಂಯುಕ್ತ ಮಹಾರಾಷ್ಟ್ರ ಸಮಿತಿ: ಒಂದೇ ಬೇಡಿಕೆಯ ಒಕ್ಕೂಟ

ಕರ್ನಾಟಕ ಏಕೀಕರಣವನ್ನು ಅಭ್ಯಾಸ ಮಾಡುವ ನಮ್ಮ ವಿದ್ಯಾರ್ಥಿಗಳಿಗೆ ಆಲೂರು ವೆಂಕಟರಾಯರಿಂದ ಮೊದಲ್ಗೊಂಡು ಅದರಗುಂಚಿ ಶಂಕರಗೌಡರವರೆಗಿನ ಹೆಸರುಗಳು ಪರಿಚಿತವಾಗಿವೆ. ಆದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡಿಗರು ಇಂದು ಬಾಳುತ್ತಿರುವ ರಾಜ್ಯವನ್ನು ರೂಪಿಸಿದ್ದು ಇನ್ನೊಂದು ಚಳವಳಿ. ಅದರ ಬಗೆಗೆ ನಮ್ಮಲ್ಲಿ ಬರೆದದ್ದು ಕಡಿಮೆ. ಬರೆದದ್ದರಲ್ಲಿಯೂ ಗಡಿತಂಟೆಯ ಕಾವೇ ಹೆಚ್ಚು. ಮರಾಠಿಗರು ತಮ್ಮ ರಾಜ್ಯವನ್ನು ಪಡೆದ ಬಗೆಯನ್ನು ಸಮಚಿತ್ತದಿಂದ ಅರಿಯದೆ ನಮ್ಮ ಸ್ಥಿತಿಯೂ ನಮಗೆ ಅರ್ಥವಾಗದು.

ಈ ಕತೆಯ ಆರಂಭವು ಬೆಳಗಾವಿಯಲ್ಲಿದೆ ಎಂಬುದು ಗಮನಾರ್ಹ. 1946ರ ಮೇ ತಿಂಗಳಲ್ಲಿ ಅಲ್ಲಿ ನಡೆದ ಮರಾಠಿ ಸಾಹಿತ್ಯ ಸಮ್ಮೇಳನವು ಮರಾಠಿ ಮಾತನಾಡುವ ಪ್ರದೇಶಗಳೆಲ್ಲ ಒಂದು ಪ್ರಾಂತವಾಗಬೇಕೆಂದು ನಿರ್ಣಯಿಸಿತು. ಅದೇ ವರ್ಷ ಶಂಕರರಾವ್ ದೇವ್ ಅವರ ಮುಂದಾಳುತನದಲ್ಲಿ ಸಂಯುಕ್ತ ಮಹಾರಾಷ್ಟ್ರ ಪರಿಷತ್ತು ಹುಟ್ಟಿತು. ಇದು ಮುಖ್ಯವಾಗಿ ಕಾಂಗ್ರೆಸ್ಸಿನ ಹಿರಿಯರ ವೇದಿಕೆ. ಮನವಿ, ಠರಾವು, ಮಾತುಕತೆಗಳು ಅದರ ಮಾರ್ಗ. ವಿದರ್ಭದವರ ಶಂಕೆಯನ್ನು ನಿವಾರಿಸಲು 1947ರಲ್ಲಿ ಅಕೋಲಾ ಒಪ್ಪಂದವೂ 1953ರಲ್ಲಿ ನಾಗಪುರ ಒಪ್ಪಂದವೂ ಆದವು.

1955ರ ಅಕ್ಟೋಬರಿನಲ್ಲಿ ಪ್ರಕಟವಾದ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಈ ಮಾರ್ಗವನ್ನು ಮುಚ್ಚಿತು. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರ ಆಯೋಗವು ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು ಕರ್ನಾಟಕಕ್ಕೆ ಸೇರಬೇಕೆಂದಿತು. ಉಳಿದ ಮುಂಬಯಿ ಗುಜರಾತಿ-ಮರಾಠಿಗಳ ದ್ವಿಭಾಷಾ ರಾಜ್ಯವಾಗಬೇಕು, ವಿದರ್ಭವು ಬೇರೆಯೇ ರಾಜ್ಯವಾಗಬೇಕು ಎಂದೂ ಸಲಹೆ ಮಾಡಿತು. ಕನ್ನಡಿಗರಿಗೂ ತೆಲುಗರಿಗೂ ದೊರೆತ ಭಾಷಾರಾಜ್ಯವು ತಮಗೇಕಿಲ್ಲ ಎಂಬುದು ಮರಾಠಿಗರ ಪ್ರಶ್ನೆಯಾಯಿತು. ಉತ್ತರವು ಬಂಡವಾಳದಲ್ಲಿತ್ತು. ಮುಂಬಯಿ ನಗರದ ದುಡಿಮೆಯಲ್ಲಿ ಮರಾಠಿಗರದು ದೊಡ್ಡ ಪಾಲು; ಗಿರಣಿ, ವ್ಯಾಪಾರಗಳ ಒಡೆತನವಾದರೋ ಬಹುಮಟ್ಟಿಗೆ ಇತರರದು. ಆದ್ದರಿಂದ ಭಾಷೆಯ ಪ್ರಶ್ನೆಯು ಅಲ್ಲಿ ಕೂಲಿಯ ಪ್ರಶ್ನೆಯೂ ಆಯಿತು. ಈ ಅಂಶವನ್ನು ಬಿಟ್ಟರೆ ಕಮ್ಯುನಿಸ್ಟರು ಒಂದು ಭಾಷಾ ಚಳವಳಿಯ ನಡುಮಧ್ಯದಲ್ಲಿ ನಿಂತದ್ದಕ್ಕೆ ಕಾರಣ ತಿಳಿಯುವುದಿಲ್ಲ.

1955ರ ನವೆಂಬರ್ 21ರಂದು ಫ್ಲೋರಾ ಫೌಂಟನ್ ಬಳಿ ನೆರೆದ ಜನರ ಮೇಲೆ ಗೋಲಿಬಾರ್ ನಡೆಯಿತು. ಆಗ ಮೊರಾರ್ಜಿ ದೇಸಾಯಿ ಮುಖ್ಯಮಂತ್ರಿಗಳು. 1956ರ ಜನವರಿಯಲ್ಲಿ ಮುಂಬಯಿ ನಗರವನ್ನು ಕೇಂದ್ರದ ಆಡಳಿತಕ್ಕೆ ಒಳಪಡಿಸಲಾಗುವುದೆಂದು ನೆಹರೂ ಘೋಷಿಸಿದಾಗ ನಗರವು ಮತ್ತೆ ಹೊತ್ತಿಕೊಂಡಿತು. ಚಳವಳಿಯ ನೆನಪಿನಲ್ಲಿ 105 ಹುತಾತ್ಮರು ಎಂಬ ಸಂಖ್ಯೆ ನೆಲೆಗೊಂಡಿದೆ. ಆ ಸ್ಥಳಕ್ಕೆ ಈಗ ಹುತಾತ್ಮ ಚೌಕವೆಂದೇ ಹೆಸರು. ಕೇಂದ್ರದ ಹಣಕಾಸು ಸಚಿವ ಚಿಂತಾಮಣ ದೇಶಮುಖರು ಇದೇ ಪ್ರಶ್ನೆಯ ಮೇಲೆ ಪದವಿಯನ್ನು ತ್ಯಜಿಸಿದರು.

ಈ ಹಿನ್ನೆಲೆಯಲ್ಲಿ 1956ರ ಫೆಬ್ರುವರಿ 6ರಂದು ಪುಣೆಯಲ್ಲಿ ಸಂಯುಕ್ತ ಮಹಾರಾಷ್ಟ್ರ ಸಮಿತಿಯು ರೂಪುಗೊಂಡಿತು. ಪರಿಷತ್ತು ಮನವಿ ಮಾಡಿತ್ತು. ಸಮಿತಿ ಮತ ಕೇಳಿತು. ಪ್ರಜಾಸಮಾಜವಾದಿಗಳು, ಕಮ್ಯುನಿಸ್ಟರು, ಶೇತಕರಿ ಕಾಮಗಾರ ಪಕ್ಷ, ಪರಿಶಿಷ್ಟ ಜಾತಿಗಳ ಒಕ್ಕೂಟ, ಹಿಂದೂ ಮಹಾಸಭೆ, ಕೆಲಕಾಲ ಜನಸಂಘ: ಬೇರೆ ಯಾವ ಕಾರಣಕ್ಕೂ ಒಂದೇ ಜಮಖಾನೆಯ ಮೇಲೆ ಕುಳಿತುಕೊಳ್ಳದ ಪಕ್ಷಗಳಿವು. ಪ್ರಧಾನ ಕಾರ್ಯದರ್ಶಿ ಎಸ್. ಎಂ. ಜೋಶಿ ಸಮಾಜವಾದಿ, ಎಸ್. ಎ. ಡಾಂಗೆ ಕಮ್ಯುನಿಸ್ಟ್, ಪ್ರಬೋಧನಕಾರ ಠಾಕರೆ ಬ್ರಾಹ್ಮಣೇತರ ಚಳವಳಿಯ ಲೇಖಕ, ಸೇನಾಪತಿ ಬಾಪಟ್ ಮುಳಶಿ ಸತ್ಯಾಗ್ರಹದ ಹಳೆಯ ಹೋರಾಟಗಾರ. ಇವರೆಲ್ಲರೂ ಸಮ್ಮತಿಸಿದ ಸಂಗತಿ ಒಂದೇ ಒಂದು, ಮುಂಬಯಿಸಹಿತ ಮರಾಠಿ ರಾಜ್ಯ. ಉಳಿದ ಭಿನ್ನಾಭಿಪ್ರಾಯಗಳನ್ನು ಪರಿಹರಿಸಲಿಲ್ಲ, ಮುಂದೂಡಿದರು.

ಡಾ. ಅಂಬೇಡ್ಕರರ ನಿಲುವು ಇಲ್ಲಿ ವಿಶೇಷವಾಗಿ ಪರಿಶೀಲನಾರ್ಹ. 1955ರಲ್ಲಿ ಪ್ರಕಟಿಸಿದ ಭಾಷಾವಾರು ರಾಜ್ಯಗಳ ಕುರಿತ ಕೃತಿಯಲ್ಲಿ ಅವರು, ಒಂದು ರಾಜ್ಯಕ್ಕೆ ಒಂದೇ ಭಾಷೆ ಇರಲಿ, ಆದರೆ ಒಂದು ಭಾಷೆಗೆ ಒಂದೇ ರಾಜ್ಯವಿರಬೇಕಾಗಿಲ್ಲ ಎಂಬ ವಾದವನ್ನು ಮುಂದಿಟ್ಟು, ಮರಾಠಿ ಸೀಮೆಗೆ ನಾಲ್ಕು ರಾಜ್ಯಗಳನ್ನು ಸೂಚಿಸಿದ್ದರು. ದೊಡ್ಡ ಭಾಷಾರಾಜ್ಯದಲ್ಲಿ ಬಹುಸಂಖ್ಯಾತ ಜಾತಿಯ ಆಳ್ವಿಕೆ ದಲಿತರ ಮೇಲೆ ಬೀಳುವುದೆಂಬುದು ಅವರ ಆತಂಕ. ಆದರೂ ಅವರ ಪಕ್ಷ ಸಮಿತಿಯನ್ನು ಸೇರಿತು. ಗಡಿಯಾಚೆ ಉಳಿದ ಅಲ್ಪಸಂಖ್ಯಾತ ಭಾಷಿಕರಾದ ನಾವು ಆ ಆತಂಕವನ್ನು ಇನ್ನೊಂದು ದಿಕ್ಕಿನಿಂದ ಬಲ್ಲೆವು.

1956ರ ನವೆಂಬರ್ 1ರಂದು, ಬೀದರದಿಂದ ಕಾರವಾರದವರೆಗಿನ ಜಿಲ್ಲೆಗಳು ವಿಶಾಲ ಮೈಸೂರಿನಲ್ಲಿ ಒಂದಾದ ಅದೇ ದಿನ, ಸೌರಾಷ್ಟ್ರ, ಕಚ್ಛ, ಮರಾಠವಾಡ, ವಿದರ್ಭಗಳನ್ನೂ ಒಳಗೊಂಡ ದೊಡ್ಡ ದ್ವಿಭಾಷಾ ಮುಂಬಯಿ ರಾಜ್ಯವು ಅಸ್ತಿತ್ವಕ್ಕೆ ಬಂದಿತು. ಯಶವಂತರಾವ್ ಚವಾಣರು ಮುಖ್ಯಮಂತ್ರಿಗಳಾದರು. 1957ರ ಚುನಾವಣೆಯಲ್ಲಿ ಸಮಿತಿಯು ಪಶ್ಚಿಮ ಮಹಾರಾಷ್ಟ್ರದಲ್ಲಿ ಕಾಂಗ್ರೆಸ್ಸನ್ನು ನೆಲಕಚ್ಚಿಸಿತು. ಸ್ವತಃ ಚವಾಣರೇ ಕರಾಡದಲ್ಲಿ ಅಲ್ಪ ಅಂತರದಿಂದ ಪಾರಾದರು. ಗುಜರಾತ್, ವಿದರ್ಭಗಳ ಬಲದಿಂದ ಕಾಂಗ್ರೆಸ್ಸಿನ ಸರಕಾರವೇನೋ ಉಳಿಯಿತು. ಮುಂಬಯಿ ಮಹಾನಗರಪಾಲಿಕೆಯೂ ಸಮಿತಿಯ ಕೈಸೇರಿ, 1958ರಲ್ಲಿ ಕಮ್ಯುನಿಸ್ಟ್ ನಾಯಕ ಮಿರಜಕರ್ ಮೇಯರಾದರು. ಅತ್ತ ಗುಜರಾತಿನಲ್ಲಿ ಇಂದುಲಾಲ್ ಯಾಜ್ಞಿಕರ ಮಹಾಗುಜರಾತ್ ಜನತಾ ಪರಿಷತ್ತು ಅದೇ ರಾಜ್ಯವನ್ನು ಎದುರು ತುದಿಯಿಂದ ಎಳೆಯುತ್ತಿತ್ತು.

ಸಾಹಿತ್ಯದ ವಿದ್ಯಾರ್ಥಿಗಳು ಚುನಾವಣೆಯ ಅಂಕಿಗಳಿಗಿಂತ ಹೆಚ್ಚಾಗಿ ಮನಗಾಣಬೇಕಾದದ್ದು ಈ ಗೆಲುವಿನ ಹಿಂದಿನ ಮಾತಿನ ಬಲವನ್ನು. ನಾಟಕಕಾರ, ವಿನೋದ ಬರಹಗಾರ ಆಚಾರ್ಯ ಅತ್ರೆಯವರು 1956ರ ನವೆಂಬರಿನಲ್ಲಿ ಆರಂಭಿಸಿದ ‘ಮರಾಠಾ’ ದಿನಪತ್ರಿಕೆಯು ಸಮಿತಿಯ ಕಹಳೆಯಾಯಿತು. ಅವರ ಬೈಗುಳದ ಹರಿತವನ್ನು ಎಲ್ಲರೂ ಮೆಚ್ಚಬೇಕಾಗಿಲ್ಲ. ಅದು ಜನರನ್ನು ಸೇರಿಸಿತೆಂಬುದು ಮಾತ್ರ ಸತ್ಯ. ಅಮರ ಶೇಖ, ಅಣ್ಣಾಭಾವು ಸಾಠೆ, ಗವಾಣಕರ ಈ ಮೂವರು ಶಾಹಿರರು ಲಾವಣಿ-ಪೋವಾಡಗಳನ್ನು ಗಿರಣಿಯ ಬಾಗಿಲಿಗೂ ಹಳ್ಳಿಯ ಚಾವಡಿಗೂ ಒಯ್ದರು. ಅಣ್ಣಾಭಾವು ಅವರ ‘ಮಾಝೀ ಮೈನಾ’ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ಕೂಲಿಯೊಬ್ಬನು ಊರಲ್ಲಿ ಬಿಟ್ಟುಬಂದ ಹೆಂಡತಿಗಾಗಿ ಹಂಬಲಿಸುವ ಲಾವಣಿ. ವಿರಹದಿಂದ ಆರಂಭವಾದ ಹಾಡು ಕೊನೆಗೆ ರಾಜ್ಯದಿಂದ ಹೊರಗುಳಿದ ಬೆಳಗಾವಿ, ಕಾರವಾರಗಳತ್ತ ತಿರುಗುತ್ತದೆ. ಆ ರಾಜಕೀಯ ಬೇಡಿಕೆಯನ್ನು ನಾವು ಒಪ್ಪುವುದಿಲ್ಲ. ಆದರೆ ಶೃಂಗಾರದ ಒಂದು ಜಾನಪದ ಮಟ್ಟು ಇಷ್ಟು ಭಾರವನ್ನು ಹೊತ್ತ ರೀತಿ ಅಧ್ಯಯನಯೋಗ್ಯ. ನಮ್ಮ ಏಕೀಕರಣದ ಕಾವ್ಯವು ಬಹುಪಾಲು ನಾಡದೇವಿಯ ಸ್ತುತಿಯಾಗಿ ಬೆಳೆಯಿತು. ಕೂಲಿಕಾರನ ವಿರಹವಾಗಿ ಅಲ್ಲ. ಹೋಲಿಸಿ ಓದಿದರೆ ಎರಡು ಚಳವಳಿಗಳ ಸಾಮಾಜಿಕ ನೆಲೆ ಬೇರೆಬೇರೆ ಎಂಬುದು ಕಾವ್ಯದಲ್ಲಿಯೇ ಕಾಣುತ್ತದೆ.

1959ರಲ್ಲಿ ಕಾಂಗ್ರೆಸ್ ವರಿಷ್ಠರು ವಿಭಜನೆಗೆ ಒಪ್ಪಿದರು. 1960ರ ಮೇ 1ರಂದು ಮಹಾರಾಷ್ಟ್ರ, ಗುಜರಾತ್ ರಾಜ್ಯಗಳು ಉದಯಿಸಿದವು. ಬೇಡಿಕೆ ಈಡೇರಿದೊಡನೆ ಒಕ್ಕೂಟವು ಕಳಚಿತು. ಗಡಿಯಲ್ಲಿ ಚೀನಾದೊಡನೆ ಎದ್ದ ತಗಾದೆಯು ಕಮ್ಯುನಿಸ್ಟರನ್ನೂ ಸಮಾಜವಾದಿಗಳನ್ನೂ ಆಗಲೇ ದೂರ ಮಾಡಿತ್ತು. ಹೊಸ ರಾಜ್ಯದ ಕೀರ್ತಿಯು ಚವಾಣರ ಪಾಲಾಯಿತು: 1962ರ ಚುನಾವಣೆಯಲ್ಲಿ 264 ಸ್ಥಾನಗಳ ಪೈಕಿ 215 ಕಾಂಗ್ರೆಸ್ಸಿಗೆ. ಹೋರಾಡಿದವರು ವಿರೋಧಪಕ್ಷದ ಸಾಲಿನಲ್ಲಿಯೇ ಉಳಿದರು.

ಸಮಿತಿ ಕರಗಿದರೂ ಅದರ ಬಾಕಿ ಕೆಲಸವು ಗಡಿಯಲ್ಲಿ ಉಳಿಯಿತು. ಆಯೋಗವು ಹೆಚ್ಚುಕಡಿಮೆ ಜಿಲ್ಲೆಯನ್ನೇ ಘಟಕವಾಗಿ ಹಿಡಿದಿತ್ತು. ಬೆಳಗಾವಿ ಜಿಲ್ಲೆಯಿಂದ ಚಂದಗಡ ತಾಲ್ಲೂಕನ್ನು ಬಿಡಿಸಿದ್ದು ಅಪವಾದ. ಮಹಾರಾಷ್ಟ್ರವು ಹಳ್ಳಿಯೇ ಘಟಕವಾಗಲಿ ಎಂದು ಪಟ್ಟುಹಿಡಿಯಿತು. ವಿಚಾರ ಮಾಡಿದರೆ ಈ ಸೂತ್ರ ಒಂದೇ ಕಡೆಗೆ ಹರಿಯುವುದಲ್ಲ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಕನ್ನಡ ಹಳ್ಳಿಗಳಿಗೂ ಅದು ಅನ್ವಯಿಸಬೇಕಾಗುತ್ತದೆ. 1966ರಲ್ಲಿ ಸೇನಾಪತಿ ಬಾಪಟರು ಗಡಿಪ್ರಶ್ನೆಗಾಗಿ ಉಪವಾಸ ಕೈಗೊಂಡರು. ಆ ವರ್ಷವೇ ನೇಮಕವಾದ ಮಹಾಜನ ಆಯೋಗವು 1967ರ ಆಗಸ್ಟಿನಲ್ಲಿ ವರದಿಯಿತ್ತಿತು. ಅದರಂತೆ 264 ಗ್ರಾಮಗಳು ಮಹಾರಾಷ್ಟ್ರಕ್ಕೂ, ಈ ಮೂರು ತಾಲ್ಲೂಕುಗಳ ಊರುಗಳೂ ಸೇರಿ 247 ಗ್ರಾಮಗಳು ಕರ್ನಾಟಕಕ್ಕೂ ಹೋಗಬೇಕಾಗಿತ್ತು. ಬೆಳಗಾವಿ ನಗರ ಇದ್ದಲ್ಲಿಯೇ ಇರಬೇಕಾಗಿತ್ತು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕನ್ನಡ ನಾಡಿಗೆ ಸೇರಬೇಕಾಗಿತ್ತು. ಕರ್ನಾಟಕವು ಒಪ್ಪಿತು, ಮಹಾರಾಷ್ಟ್ರವು ತಿರಸ್ಕರಿಸಿತು, ಕೇರಳವೂ ಮಣಿಯಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಹೂಡಿದ ದಾವೆಯು ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು. ಆ ದಾವೆಯಲ್ಲಿ ವಾದಿ ಮಹಾರಾಷ್ಟ್ರ. ಬೆಳಗಾವಿಯ ಮರಾಠಿಗರ ಮಾತು ಅಲ್ಲಿದೆ. ಅಕ್ಕಲಕೋಟೆಯ ಕನ್ನಡಿಗರ ಪರವಾಗಿ ಅಂಥ ದಾವೆಯನ್ನು ಯಾವ ರಾಜ್ಯವೂ ಹೂಡಿಲ್ಲ.