ಸೌಂದರ್ಯವಿದ್ಯೆಗೆ ಗೌರವ ತಂದ ಮಹಿಳೆ

ತ್ವಚೆ, ಕೇಶ, ಉಗುರುಗಳ ಆರೈಕೆಯನ್ನು ಕುರಿತ ಶಾಸ್ತ್ರಕ್ಕೆ ಸೌಂದರ್ಯವಿದ್ಯೆ ಎಂದು ಹೆಸರು. ಇದನ್ನು ಬರಿಯ ಅಲಂಕಾರದ ಕಸಬೆಂದು ಹಗುರವಾಗಿ ಕಾಣುವವರುಂಟು. ಆದರೆ ಚರ್ಮದ ರಚನೆ, ಕೂದಲು ಬೆಳೆಯುವ ಬಗೆ, ಬಳಸುವ ರಾಸಾಯನಿಕಗಳ ಗುಣದೋಷ, ಉಪಕರಣಗಳ ಶುದ್ಧೀಕರಣ ಇವನ್ನರಿಯದೆ ಈ ವೃತ್ತಿಗೆ ಕೈಹಾಕುವುದು ಅಪಾಯಕರ. ಒಬ್ಬರ ನೆತ್ತಿಯ ಹುಳುಕಡ್ಡಿ ಬಾಚಣಿಗೆಯ ಮೂಲಕವೇ ಮತ್ತೊಬ್ಬರಿಗೆ ಅಂಟಬಲ್ಲದು. ಈ ವಿದ್ಯೆಗೆ ಶಿಕ್ಷಣದ ಶಿಸ್ತನ್ನೂ ಸಮಾಜದ ಮನ್ನಣೆಯನ್ನೂ ದೊರಕಿಸಲು ದುಡಿದವರಲ್ಲಿ ಅಮೆರಿಕದ ಮೇಡಂ ಸಿ. ಜೆ. ವಾಕರ್ ಪ್ರಮುಖರು.

ಅವರ ಮೊದಲ ಹೆಸರು ಸಾರಾ ಬ್ರೀಡ್‌ಲವ್. 1867ರಲ್ಲಿ ಲೂಸಿಯಾನ ರಾಜ್ಯದಲ್ಲಿ ಜನಿಸಿದರು. ತಂದೆತಾಯಿಗಳು ಹತ್ತಿಯ ತೋಟದಲ್ಲಿ ಗುಲಾಮರಾಗಿದ್ದವರು. ಸಾರಾ ಏಳನೆಯ ವಯಸ್ಸಿಗೆ ತಬ್ಬಲಿ, ಇಪ್ಪತ್ತಕ್ಕೆ ವಿಧವೆ. ಎಳೆಯ ಮಗಳೊಡನೆ ಸೇಂಟ್ ಲೂಯಿಸ್ ನಗರ ಸೇರಿ, ಪರರ ಬಟ್ಟೆ ಒಗೆದು ಮಗಳನ್ನು ಓದಿಸಿದರು.

ಅಷ್ಟರಲ್ಲಿ ಅವರ ಕೂದಲು ಉದುರತೊಡಗಿತು. ಅನೇಕ ಬಡವರ ಮನೆಗಳಲ್ಲಿ ನಲ್ಲಿಯ ನೀರಿಲ್ಲದ ಕಾಲವದು. ತಲೆ ತೊಳೆಯುವುದೇ ಅಪರೂಪ. ಹೊಟ್ಟು, ಹುಣ್ಣುಗಳಿಂದ ಎಷ್ಟೋ ಹೆಂಗಸರು ನರಳುತ್ತಿದ್ದರು. ಸಾರಾ ಮೊದಲು ಬೇರೊಬ್ಬ ಮಹಿಳೆಯ ಕೇಶಲೇಪನಗಳನ್ನು ಮಾರಿ ಅನುಭವ ಪಡೆದರು. 1906ರಲ್ಲಿ ಚಾರ್ಲ್ಸ್ ವಾಕರ್ ಎಂಬುವರನ್ನು ವಿವಾಹವಾಗಿ, ವಾಕರ್ ಎಂಬ ಹೆಸರಿನಲ್ಲಿ ಸ್ವಂತ ಉದ್ಯಮವನ್ನು ಆರಂಭಿಸಿದರು. ನೆತ್ತಿಯ ಶುಚಿತ್ವ ಹಾಗೂ ಗಂಧಕ ಬೆರೆತ ಲೇಪನ ಅವರ ಪದ್ಧತಿಯ ಆಧಾರ.

ಮಾರಾಟವೊಂದೇ ಸಾಲದು, ಕಲಿಸಬೇಕು ಎಂಬುದು ವಾಕರ್ ಅವರ ನಿಲುವು. 1908ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮಗಳ ಹೆಸರಿನಿಂದ ಲೀಲಿಯಾ ಕಾಲೇಜನ್ನು ತೆರೆದರು. ಅಲ್ಲಿ ಕಲಿತ ಹೆಂಗಸರಿಗೆ ಪ್ರಮಾಣಪತ್ರ ದೊರೆಯುತ್ತಿತ್ತು. ಅಗಸಗಿತ್ತಿಯರಾಗಿ, ಅಡುಗೆಯವರಾಗಿ ಸವೆಯುತ್ತಿದ್ದವರು ಸ್ವಂತ ಸಂಪಾದನೆಯಿಂದ ತಲೆಯೆತ್ತಿ ನಡೆದರು.

ಆದರೂ ಮನ್ನಣೆ ಸುಲಭವಾಗಿ ಒದಗಲಿಲ್ಲ. 1912ರಲ್ಲಿ ಷಿಕಾಗೋದಲ್ಲಿ ಕಪ್ಪು ಜನಾಂಗದ ಉದ್ಯಮಿಗಳ ಸಮ್ಮೇಳನ ನಡೆಯಿತು. ಅಧ್ಯಕ್ಷರಾಗಿದ್ದ ಬೂಕರ್ ಟಿ. ವಾಷಿಂಗ್ಟನ್ ವಾಕರ್‌ಗೆ ಮಾತನಾಡಲು ಅವಕಾಶವೀಯಲಿಲ್ಲ. ಆಕೆ ಕುಳಿತಲ್ಲಿಂದಲೇ ಎದ್ದು, ಹತ್ತಿಯ ಹೊಲದಿಂದ ಕಾರ್ಖಾನೆಯವರೆಗಿನ ತಮ್ಮ ಬಾಳಿನ ದಾರಿಯನ್ನು ಸಭೆಗೆ ತಿಳಿಸಿದರು. ಮರುವರ್ಷದ ಸಮ್ಮೇಳನದಲ್ಲಿ ಅದೇ ವಾಷಿಂಗ್ಟನ್ ಅವರನ್ನು ಭಾಷಣಕಾರರಾಗಿ ಸ್ವಾಗತಿಸಿದರು! 1917ರಲ್ಲಿ ತಮ್ಮ ಪ್ರತಿನಿಧಿಗಳ ಸಮಾವೇಶವನ್ನು ಕರೆದಾಗ, ಹೆಚ್ಚು ಮಾರಿದವರಿಗೆ ಮಾತ್ರವಲ್ಲದೆ ಹೆಚ್ಚು ದಾನಮಾಡಿದವರಿಗೂ ವಾಕರ್ ಬಹುಮಾನವಿತ್ತರು. 1919ರಲ್ಲಿ ಅವರು ಕಾಲವಾದರು.

ಇಂದು ನಮ್ಮ ದೇಶದ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿಯೂ ಈ ವಿದ್ಯೆಯನ್ನು ಕಲಿಸಲಾಗುತ್ತದೆ. ಅರಿವಿನಿಂದ, ಶುಚಿಯಿಂದ, ಪರಹಿತದ ದೃಷ್ಟಿಯಿಂದ ಮಾಡಿದ ಯಾವ ವೃತ್ತಿಯೂ ಕೀಳಲ್ಲ.